ಬಿಟ್ಟ ಸ್ಥಳ

ಕೌಲ್ ಬಜಾರಿನ ನಮ್ಮ ಶಾಲೆಯಲ್ಲಿ
ಒಂದರಿಂದ ಮೂರರವರೆಗೆ ಒಂದೇ ಕೋಣೆ,
ಮೂವತ್ತೊಂದು ಮಕ್ಕಳು, ಮನೆಮಾತು ಮೂರು.
ಇವತ್ತು ಚೀಲದಲ್ಲಿ ತಂದಿದ್ದೇನೆ
ಹುಣಸೆಹಣ್ಣು, ಒಂದು ಹಿಡಿ ಅರಳೆ, ಉಪ್ಪುಕಾಗದದ ಚೂರು,
ಕೀಲಿ ಕಳೆದುಹೋದ ಹಳೇ ಬೀಗ.

ಎಂಥಾದ್ದು ಇದು, ಹೇಳ್ರಿ ನೋಡೋಣ.

ಹುಣಸೆ ನಾಲಗೆ ಮೇಲೆ ಬಿದ್ದದ್ದೇ
ಹುಳಿ ಅಂದ ಎರ್ರಿಸ್ವಾಮಿ,
ಖಟ್ಟಾ ಅಂದಳು ಮೆಹತಾಬ್,
ಪುಲ್ಲಗಾ ಉಂದಿ ಟೀಚರ್, ಅಂದಳು ಓಬುಲಮ್ಮ.
ಮೂವರಿಗೂ ಮುಚ್ಚಿಕೊಂಡದ್ದು ಎಡಗಣ್ಣೇ.
ಹಲಗೆಯ ಮೇಲೆ ಯಾವುದನ್ನು ಬರೆಯಲಿ?
ಕನ್ನಡ ಶಾಲೆ, ಸರ್ಕಾರಿ ಸಂಬಳ, ಹುಳಿ ಎಂದು ಬರೆದೆ.
ಪಕ್ಕದಲ್ಲಿ ಮುಚ್ಚಿದ ಒಂದು ಕಣ್ಣು ಬಿಡಿಸಿದೆ.

ಅರಳೆ ಮೆತ್ತಗೆ. ಕಾಗದ ಗರಗರ.
ಬೀಗ?
ಎಲ್ಲರೂ ಸುಮ್ಮನಾದರು. ಆಮೇಲೆ ಹಿಂದಿನಿಂದ ಯಾರೋ,
ಸಿಟ್ಟಿನ ಬೀಗ ಐತ್ರಿ.
ತಪ್ಪು ಎನ್ನಲು ನನಗೆ ಕಾರಣ ಸಿಗಲಿಲ್ಲ.

ಅಡುಗೆಯ ಸುಂಕಮ್ಮ ಬಾಗಿಲಲ್ಲಿ ತಟ್ಟೆ ಬಡಿದಳು.
ಬಿಸಿಯೂಟ ಆರಿದ ಮ್ಯಾಲ ಏನಂತಾರ್ರಿ ಟೀಚರ್?
ಬಿಸಿಯೂಟ ಅಂತನೇ ಅಂತಾರೆ.
ಮತ್ತ ಸುಳ್ಳಾತಲ್ರಿ, ಅಂದ ಎರ್ರಿಸ್ವಾಮಿ,
ಬಾಯ್ತುಂಬ ಅನ್ನ ಇಟ್ಟುಕೊಂಡು.

ಸಂಜೆ ಹಾಳೆಗಳನ್ನು ಮನೆಗೆ ತಂದೆ. ಬಿಟ್ಟ ಸ್ಥಳ ತುಂಬಿರಿ.
…… ಹೂವು. ಕೆಂಪು, ಕೆಂಪು, ಕೆಂಪು,
ಒಬ್ಬಳದು ಮಾತ್ರ ಹತ್ತು ರೂಪಾಯಿ ಹೂವು.
…… ಗುಡ್ಡ. ದೊಡ್ಡ. ಬೋಳು. ನಮ್ಮ.
…… ಅಪ್ಪ. ಒಳ್ಳೆಯ, ಒಳ್ಳೆಯ, ಒಳ್ಳೆಯ,
ಒಬ್ಬರದನ್ನೊಬ್ಬರು ನೋಡಿ ಬರೆದ ಒಳ್ಳೆಯತನ.
ಹೊನ್ನೂರವಲಿ ಬರೆದಿದ್ದ: ನೀಲಿ ಅಪ್ಪ.

ಇಂಟು ಹಾಕಿದೆ, ಕೆಂಪು ಪೆನ್ನಿನಿಂದ.
ಅಂಗಿ ಎಂದು ಬರೆಯಲು ಹೋಗಿ ಮರೆತನೇನೋ,
ಪಾಪ, ಇನ್ನೂ ಎರಡನೇ ತರಗತಿ.

ಶನಿವಾರ ಬೆಳಗಿನ ಶಾಲೆ. ಗೇಟಿನ ಹತ್ತಿರ ಒಂದು ಟಿವಿಎಸ್ ನಿಂತಿತು.
ಹುಡುಗನನ್ನು ಇಳಿಸಲು ಚಾಚಿದ ಕೈ
ಬೆರಳ ತುದಿಯಿಂದ ಮೊಣಕೈ ದಾಟಿ
ಜೀನ್ಸಿನ ಬಣ್ಣದ್ದು.
ಉಗುರಿನ ಸಂದಿ, ಅಂಗೈಗೆರೆ,
ಕಿವಿಯ ಹಿಂದೆ ತುರಿಸಿಕೊಂಡಲ್ಲಿ ಮೂರು ಬೆರಳಿನ ಗುರುತು.
ನಾನು ನೋಡಿದ್ದನ್ನು ಆತ ನೋಡಿದ.
ವಾಷಿಂಗ್ ಯೂನಿಟ್ರಿ, ರಾತ್ರಿ ಪಾಳಿ,
ಎಷ್ಟು ತಿಕ್ಕಿದ್ರೂ ಹೋಗಂಗಿಲ್ರಿ ಟೀಚರ್,
ಎನ್ನುತ್ತ ಕೈಗಳನ್ನು ಹಿಂದೆ ಕಟ್ಟಿಕೊಂಡ.
ಹಿಂದೆ ಮಗ ಅದೇ ಕೈಗಳಿಗೆ ಜೋತುಬಿದ್ದು ಆಡುತ್ತಿದ್ದ.

ವ್ಯಾಕರಣ ಓದಿದವಳು ನಾನು.
ಗುಣವಾಚಕ ನಾಮಪದಕ್ಕಿಂತ ಮೊದಲು ಬಂದು
ಒಂದು ಬೆರಳಷ್ಟು ಜಾಗ ಬಿಟ್ಟು ನಿಲ್ಲುತ್ತದೆ.
ಅಣ್ಣನಿಗೂ ದೊಡ್ಡ, ಅಕ್ಕನಿಗೂ ದೊಡ್ಡ, ಬಂಡೆಗೂ ದೊಡ್ಡ,
ಯಾರ ಮೋರೆ ನೋಡಿಯೂ ರೂಪ ಬದಲಿಸುವುದಿಲ್ಲ.
ಕೆಲವು ಸಲ ಮಾತ್ರ
ತಣ್ಣನೆಯದು ನೀರಿಗೆ ಇಳಿದು ತಣ್ಣೀರು,
ಕೆಂಪು ತಾವರೆಗೆ ಇಳಿದು ಕೆಂದಾವರೆ.
ಆಮೇಲೆ ಬಿಡಿಸಿ ಬರೆಯಲು
ಪರೀಕ್ಷೆಯಲ್ಲಷ್ಟೇ ಬರುತ್ತದೆ,
ಸೋಪಿಗೆ ಬರುವುದಿಲ್ಲ.

ಒಳಗೆ ಹೋಗಿ ಹಾಳೆ ಹುಡುಕಿ ಇಂಟು ಅಳಿಸಲು ಕೂತೆ.
ಪೆನ್ನಿನದು, ಹೋಗಲಿಲ್ಲ. ರಬ್ಬರು ಜಗ್ಗಿ ತಿಕ್ಕಿದರೆ
ಕಾಗದವೇ ಸವೆದು ತೂತಾಯಿತು.
ತೂತಿನ ಪಕ್ಕ ರೈಟು ಹಾಕಿದೆ, ರೈಟಿನ ಪಕ್ಕ ನನ್ನ ಸಹಿ.

ಹೊನ್ನೂರವಲಿ ಹಾಳೆಯನ್ನು ಕಣ್ಣಿಗೆ ಹಿಡಿದು
ತೂತಿನೊಳಗಿಂದ ಕಿಟಕಿ ನೋಡಿದ, ಗುಡ್ಡ ನೋಡಿದ,
ನನ್ನನ್ನು ನೋಡಿದ.
ಟೀಚರ್, ಸಣ್ಣ ಕಾಣ್ತೀರ್ರಿ.

ಸಣ್ಣ, ಎಂದು ಹಲಗೆಯ ಮೇಲೆ ಬರೆದೆ,
ಇವತ್ತಿನ ಮೊದಲ ಪದ.